ಫಿಟ್ಜ್‌ರಾಯ್‌ಗೆ ಅವನದೇ ಪಾಠ ಕೊಡಿ: ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಶಾಲೆಯ ವಿಜ್ಞಾನ ಪಾಠ ಬರೆಯುವವರು, ವಿಶ್ವಕೋಶಗಳಿಗೆ ಲೇಖನ ಒದಗಿಸುವವರು, ಪತ್ರಿಕೆಗಳ ವಿಜ್ಞಾನ ಪುಟ ನೋಡಿಕೊಳ್ಳುವವರು, ಎಲ್ಲರಿಗೂ ಈ ಪತ್ರ. ವಿಷಯ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ರಾಬರ್ಟ್ ಫಿಟ್ಜ್‌ರಾಯ್‌ನದು (1805–1865). ಡಾರ್ವಿನ್‌ನ ಬಗ್ಗೆ ಬರೆಯುವಾಗ ಇವನಿಗೆ ಸಿಗುವುದು ‘ಬೀಗಲ್ ಹಡಗಿನ ಕ್ಯಾಪ್ಟನ್’ ಎಂಬ ಅರ್ಧ ಸಾಲು. ಇನ್ನಷ್ಟು ಬರೆಯುವವರು ‘ಬೈಬಲ್ ಎತ್ತಿ ಹಿಡಿದು ವಿಕಾಸವಾದವನ್ನು ವಿರೋಧಿಸಿದ’ ಎಂದು ಸೇರಿಸಿ ಮುಗಿಸುತ್ತಾರೆ. ಹವಾಮಾನ ಮುನ್ಸೂಚನೆಯ ಪಾಠದಲ್ಲಿ, ಅಂದರೆ ಅವನು ಮೊದಲ ಸಾಲಿನಲ್ಲೇ ಇರಬೇಕಾದ ಕಡೆ, ಅವನ ಹೆಸರು ಕಾಣುವುದು ಅಪರೂಪ. ಅವನನ್ನು ಡಾರ್ವಿನ್‌ನ ನೆರಳಿನಿಂದ ಆಚೆ ತಂದು ಹವಾಮಾನದ ಅಧ್ಯಾಯಕ್ಕೆ ಸೇರಿಸಿ ಎಂಬುದು ನಮ್ಮ ಬೇಡಿಕೆ. ಹೇಗೆ ಸೇರಿಸಬಹುದು, ಯಾವ ತಪ್ಪು ನುಸುಳದಂತೆ ನೋಡಿಕೊಳ್ಳಬೇಕು ಎಂಬುದನ್ನೂ ಇಲ್ಲೇ ಬರೆಯುತ್ತಿದ್ದೇವೆ.

ಮೊದಲು ಅವನ ವೃತ್ತಿಯ ಹಾದಿ. ಸಫೋಕ್‌ನ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಹುಡುಗ 1818ರಲ್ಲಿ, ಹನ್ನೆರಡರ ವಯಸ್ಸಿಗೆ, ಪೋರ್ಟ್ಸ್‌ಮತ್‌ನ ನೌಕಾ ಕಾಲೇಜು ಸೇರಿದ. 1824ರ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದ. ಅದುವರೆಗೆ ಯಾರೂ ಪಡೆದಿರಲಿಲ್ಲ. 1828ರಲ್ಲಿ ಬೀಗಲ್‌ನ ಆಗಿನ ಕ್ಯಾಪ್ಟನ್ ಪ್ರಿಂಗಲ್ ಸ್ಟೋಕ್ಸ್, ದಕ್ಷಿಣ ಅಮೆರಿಕದ ತುದಿಯ ಚಳಿ ಮತ್ತು ಒಂಟಿತನದಲ್ಲಿ ನೊಂದು ತನ್ನ ಜೀವ ತಾನೇ ತೆಗೆದುಕೊಂಡ. ಆ ವರ್ಷದ ಕೊನೆಗೆ ಹಡಗು ಫಿಟ್ಜ್‌ರಾಯ್‌ನ ಕೈಗೆ ಬಂತು. ಅವನಿಗಾಗ ಇಪ್ಪತ್ಮೂರು.

ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, 1829ರ ಜನವರಿ ಕೊನೆಗೆ, ಈಗಿನ ಉರುಗ್ವೆಯ ಮಾಲ್ಡೊನಾಡೊ ಎದುರಿನ ಕಡಲಲ್ಲಿ ‘ಪಾಂಪೆರೊ’ ಎಂಬ ನೈಋತ್ಯದ ಬಿರುಗಾಳಿ ಹಡಗಿಗೆ ಬಡಿಯಿತು. ವಾಯುಭಾರ ಅಳೆಯುವ ಬ್ಯಾರೋಮೀಟರ್‌ನ ಪಾದರಸ ಮೊದಲೇ ಇಳಿದಿತ್ತು, ಆಕಾಶದಲ್ಲೂ ಗುರುತು ಕಂಡಿತ್ತು. ಹೊಸ ಕ್ಯಾಪ್ಟನ್ ಹಾಯಿ ಇಳಿಸಲು ತಡ ಮಾಡಿದ. ಪಟಸ್ತಂಭಗಳ ಮೇಲ್ತುದಿ ಮುರಿದವು, ಇಬ್ಬರು ನಾವಿಕರು ಸಮುದ್ರದ ಪಾಲಾದರು. ಗಾಜಿನ ಕೊಳವೆಯಲ್ಲಿನ ಪಾದರಸದ ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಅವನು ಮತ್ತೆಂದೂ ಮರೆಯಲಿಲ್ಲ. ಮುಂದೆ ಹವಾಮಾನದ ಬಗ್ಗೆ ಬರೆಯುವಾಗಲೂ ಇದನ್ನು ಮುಚ್ಚಿಡಲಿಲ್ಲ. ಅವನ ಮೇಲೆ ಪಾಠ ಬರೆಯುವುದಾದರೆ ಶುರು ಇಲ್ಲಿಂದಾಗಲಿ. ಮೂವತ್ತೆರಡು ವರ್ಷಗಳ ನಂತರ ಬ್ರಿಟನ್ನಿನ ಬಂದರುಗಳಲ್ಲಿ ಅವನು ಏರಿಸಿದ ಎಚ್ಚರಿಕೆಯ ಬೇರು ಈ ಘಟನೆಯಲ್ಲಿದೆ.

ಆ ಮೊದಲ ಯಾನದ ಇನ್ನೊಂದು ಸಂಗತಿಯನ್ನೂ ಬಿಡಬೇಡಿ. 1830ರಲ್ಲಿ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಲ್ಲಿ ಬೀಗಲ್‌ನ ಒಂದು ದೋಣಿ ಕಳುವಾದಾಗ ಅವನು ಸ್ಥಳೀಯರನ್ನು ಒತ್ತೆಯಾಗಿ ಹಿಡಿದ. ಕೊನೆಗೆ ನಾಲ್ವರನ್ನು ಇಂಗ್ಲೆಂಡಿಗೆ ಕೊಂಡೊಯ್ದ. ಅವರಲ್ಲಿ ಒಬ್ಬಳು ಹತ್ತರ ಆಸುಪಾಸಿನ ಹುಡುಗಿ. ಒಬ್ಬ ಯುವಕ ಪ್ಲಿಮತ್‌ನಲ್ಲಿ ಸಿಡುಬಿಗೆ ಬಲಿಯಾದ. ಉಳಿದ ಮೂವರನ್ನು 1833ರಲ್ಲಿ ಮರಳಿ ಬಿಟ್ಟ. ಅವರನ್ನು ‘ಸುಧಾರಿಸುವ’ ಯೋಜನೆ ಸೋತಿತು, ಸೋಲಬೇಕಾದ್ದೇ ಆಗಿತ್ತು. ಅವನು ಕ್ರೂರಿಯಾಗಿರಲಿಲ್ಲ, ಅವರ ಖರ್ಚನ್ನೆಲ್ಲ ತಾನೇ ಹೊತ್ತ. ಆದರೂ ಮನುಷ್ಯರನ್ನು ಅವರ ನೆಲದಿಂದ ಕಿತ್ತೊಯ್ದದ್ದು ಅನ್ಯಾಯವೇ, ಹಾಗೆಂದೇ ಬರೆಯಿರಿ.

ಇನ್ನು ಎರಡನೆಯ ಯಾನ: 1831ರ ಡಿಸೆಂಬರ್ 27ರಿಂದ 1836ರ ಅಕ್ಟೋಬರ್ 2ರವರೆಗೆ. ಪುಸ್ತಕಗಳು ಇದನ್ನು ‘ಡಾರ್ವಿನ್‌ನ ಯಾನ’ ಎನ್ನುತ್ತವೆ. ನೌಕಾಪಡೆಯ ಲೆಕ್ಕದಲ್ಲಿ ಅದು ಸಮೀಕ್ಷೆಯ ಯಾನ. ದಕ್ಷಿಣ ಅಮೆರಿಕದ ಕರಾವಳಿಯ ನಕ್ಷೆ ಪೂರ್ತಿ ಮಾಡುವುದು ಮತ್ತು ಭೂಮಿ ಸುತ್ತಿ ಬಂದು ರೇಖಾಂಶಗಳ ಒಂದು ಸರಪಳಿ ಕಟ್ಟುವುದು, ಇವೆರಡೇ ಕೆಲಸ. ಡಾರ್ವಿನ್ ಹಡಗಿಗೆ ಬಂದದ್ದು ಕ್ಯಾಪ್ಟನ್‌ಗೆ ಜೊತೆ ಬೇಕು ಎನ್ನಿಸಿದ್ದರಿಂದ. ಸ್ಟೋಕ್ಸ್‌ಗೆ ಬಂದ ಗತಿ ತನಗೂ ಬಂದೀತೆಂಬ ಅಂಜಿಕೆ ಫಿಟ್ಜ್‌ರಾಯ್‌ಗಿತ್ತು. ಹೊರಡುವ ಮುಂಚೆ ಲಯೆಲ್‌ನ ಭೂವಿಜ್ಞಾನ ಗ್ರಂಥದ ಮೊದಲ ಸಂಪುಟವನ್ನು ಡಾರ್ವಿನ್‌ನ ಕೈಗಿಟ್ಟವನೂ ಇವನೇ.

ಹಡಗನ್ನು ಅವನು ಸಜ್ಜುಗೊಳಿಸಿದ ರೀತಿಯಲ್ಲೇ ಅವನ ಕಸುಬುದಾರಿಕೆ ಕಾಣುತ್ತದೆ. ಬೀಗಲ್ ಸುಮಾರು 90 ಅಡಿ ಉದ್ದದ, 10 ತೋಪುಗಳ ಬ್ರಿಗ್. ಆ ಮಾದರಿಯ ಹಡಗುಗಳಿಗೆ ನಾವಿಕರು ‘ಶವಪೆಟ್ಟಿಗೆ’ ಎಂದು ಅಡ್ಡಹೆಸರಿಟ್ಟಿದ್ದರು. ಕಾರಣ ಸರಳ: ಡೆಕ್ಕು ತಗ್ಗು, ಅಂಚಿನ ಗೋಡೆ ಎತ್ತರ. ದೊಡ್ಡ ಅಲೆ ಒಳಗೆ ಬಿದ್ದರೆ ನೀರು ಹೊರಹೋಗದೆ ಡೆಕ್ಕಿನ ಮೇಲೇ ನಿಂತು, ಆ ಭಾರಕ್ಕೆ ಹಡಗು ಮಗ್ಗುಲಾಗುತ್ತಿತ್ತು. ಫಿಟ್ಜ್‌ರಾಯ್ ಮೇಲಿನ ಡೆಕ್ಕನ್ನು ಹಿಂಬದಿಯಲ್ಲಿ 8 ಇಂಚು, ಮುಂಬದಿಯಲ್ಲಿ 12 ಇಂಚು ಎತ್ತರಿಸಿದ. ತಳಕ್ಕೆ 2 ಇಂಚು ದಪ್ಪದ ಹಲಗೆ ಹೊದಿಸಿ ಅದರ ಮೇಲೆ ತಾಮ್ರದ ತಗಡು ಹೊಡೆಸಿದ. ಪಟಸ್ತಂಭಗಳಿಗೆ ಹ್ಯಾರಿಸ್‌ನ ಮಿಂಚುವಾಹಕ ಜೋಡಿಸಿದ. 1833ರ ಜನವರಿ 13ರಂದು ಕೇಪ್ ಹಾರ್ನ್ ಬಳಿ ಒಂದರ ಹಿಂದೊಂದು ಮೂರು ದೈತ್ಯ ಅಲೆಗಳು ಬಡಿದು, ಮೂರನೆಯದಕ್ಕೆ ಹಡಗಿನ ಒಂದು ಪಕ್ಕ ಪೂರ್ತಿ ನೀರಿಗಿಳಿಯಿತು. ಆ ಬದಿಯ ದೋಣಿ ನೀರು ತುಂಬಿ ಜಜ್ಜಿಹೋಯಿತು, ಅದನ್ನು ಕಡಿದು ಬಿಟ್ಟರು. ಮುಚ್ಚಿದ್ದ ತೋಪುಕಿಂಡಿಗಳನ್ನು ಬಡಗಿ ಒಡೆದು ತೆರೆದ ಮೇಲೆ ನೀರು ಹೊರಗೆ ಸುರಿಯಿತು, ಹಡಗು ಮೇಲೆದ್ದಿತು. ಡೆಕ್ಕು ಹಳೆಯ ಎತ್ತರದಲ್ಲೇ ಇದ್ದಿದ್ದರೆ ಅದು ಏಳುತ್ತಿತ್ತೆಂದು ಹೇಳಲು ನಮಗೆ ಧೈರ್ಯವಿಲ್ಲ.

ಆ ಹಡಗಿನ ಗಡಿಯಾರಗಳ ಕೋಣೆಗೆ ಪಾಠದಲ್ಲಿ ಒಂದು ಇಡೀ ಪುಟ ಕೊಡಿ. ಅಲ್ಲಿ 22 ಕ್ರೊನೋಮೀಟರ್‌ಗಳಿದ್ದವು: ಸರ್ಕಾರದ್ದು 11, ಫಿಟ್ಜ್‌ರಾಯ್‌ನ ಸ್ವಂತದ್ದು 6, ಮಿಕ್ಕವು ಎರವಲು. ಅಲುಗಾಟ ಆದಷ್ಟು ಕಡಿಮೆ ಇರುವ ಕಡೆ, ಹಡಗಿನ ನಡುಮಧ್ಯಕ್ಕೆ ಹತ್ತಿರ, ಕೆಳಗಿನ ಒಂದು ಪುಟ್ಟ ಕೋಣೆಯ ಎರಡು ಅಗಲ ಹಲಗೆಗಳ ಮೇಲೆ ಅವನ್ನಿಟ್ಟಿದ್ದರು. ಒಂದೊಂದೂ ತನ್ನ ಪೆಟ್ಟಿಗೆಯಲ್ಲಿ, ಹಡಗು ಎತ್ತ ವಾಲಿದರೂ ಮಟ್ಟವಾಗಿ ನಿಲ್ಲುವ ತೂಗು ಬಳೆಯಲ್ಲಿ ಕೂತಿತ್ತು. ಪೆಟ್ಟಿಗೆಯ ಅಡಿಗೂ ಸುತ್ತಲೂ ಸುಮಾರು 3 ಇಂಚು ಮರದ ಹೊಟ್ಟು ತುಂಬಿದ್ದರು. ಡೆಕ್ಕಿನ ಮೇಲೆ ಜನ ಓಡಿದ ಅದುರು, ಲಂಗರಿನ ಸರಪಳಿ ಜಾರಿದ ಅದುರು ಮುಳ್ಳಿಗೆ ತಟ್ಟಬಾರದೆಂದು. ದಿನವೂ ಅದೇ ಹೊತ್ತಿಗೆ ಕೀಲಿ ಕೊಡುವುದು, ಒಂದರ ಜೊತೆ ಒಂದನ್ನು ಹೋಲಿಸಿ ಬರೆದಿಡುವುದು. ಈ ಕೆಲಸಕ್ಕೆಂದೇ ಜಾರ್ಜ್ ಸ್ಟೆಬ್ಬಿಂಗ್ ಎಂಬ ಉಪಕರಣ ತಯಾರಕನನ್ನು ಫಿಟ್ಜ್‌ರಾಯ್ ಸ್ವಂತ ದುಡ್ಡಿನಿಂದ ಸಂಬಳ ಕೊಟ್ಟು ಕರೆತಂದಿದ್ದ.

ಇಷ್ಟೆಲ್ಲ ಏಕೆಂದು ಮಕ್ಕಳಿಗೆ ಲೆಕ್ಕದಿಂದಲೇ ತೋರಿಸಬಹುದು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಗಡಿಯಾರ ಒಂದು ಸೆಕೆಂಡು ತಪ್ಪಿದರೆ ಸಮಭಾಜಕ ವೃತ್ತದ ಬಳಿ ಹಡಗಿನ ಸ್ಥಾನ ಸುಮಾರು 460 ಮೀಟರ್ ತಪ್ಪುತ್ತದೆ. ಕೆಲಸದ ಕ್ರಮ ಹೀಗೆ: ಒಂದು ಬಂದರಿನಲ್ಲಿ ಸೂರ್ಯನ ಎತ್ತರ ಅಳೆದು ಅಲ್ಲಿನ ನಿಜವಾದ ಹೊತ್ತು ತಿಳಿಯುವುದು, ಕೆಲವು ದಿನ ಅಲ್ಲೇ ನಿಂತು ಪ್ರತಿ ಗಡಿಯಾರವೂ ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಓಡುತ್ತದೆಂದು ಗುರುತಿಸುವುದು, ಮುಂದಿನ ಬಂದರಿನಲ್ಲಿ ಮತ್ತೆ ಸೂರ್ಯನನ್ನು ಅಳೆದು, ಎರಡೂ ಕಡೆಯ ಹೊತ್ತಿನ ವ್ಯತ್ಯಾಸದಿಂದ ರೇಖಾಂಶದ ಅಂತರ ಪಡೆಯುವುದು. ಗಡಿಯಾರ ಹಿಂದೆ ಓಡಿದರೆ ತೊಂದರೆಯಿಲ್ಲ, ದಿನಾ ಒಂದೇ ಪ್ರಮಾಣದಲ್ಲಿ ಓಡಿದರೆ ಕಳೆದು ಸರಿಮಾಡಬಹುದು. ಸೆಕೆಯಿಂದ ಚಳಿಗೆ ಹೋದಾಗ ಆ ಪ್ರಮಾಣವೇ ಬದಲಾದರೆ ಲೆಕ್ಕ ಕೆಡುತ್ತದೆ. ಒಂದೇ ಗಡಿಯಾರವಿದ್ದರೆ ಅದು ಕೆಟ್ಟದ್ದು ಗೊತ್ತೇ ಆಗುವುದಿಲ್ಲ. ಎರಡಿದ್ದರೆ ಯಾವುದು ಕೆಟ್ಟಿತೆಂದು ತಿಳಿಯುವುದಿಲ್ಲ. ಹಲವಾರು ಬೇಕಾದದ್ದು ಇದಕ್ಕೇ.

1832ರಲ್ಲಿ ಬ್ರೆಜಿಲ್‌ನ ಬಾಹಿಯಾ ಮತ್ತು ರಿಯೊ ನಡುವಿನ ಅಂತರ ಫ್ರೆಂಚ್ ನಕ್ಷೆಗಿಂತ ರೇಖಾಂಶದ ನಾಲ್ಕು ಮೈಲಿಯಷ್ಟು ಬೇರೆ ಬಂತು. ಗಡಿಯಾರದ ಲೆಕ್ಕದಲ್ಲಿ ಅದು ಬರೀ 16 ಸೆಕೆಂಡು. ಅವನು ಅದನ್ನು ಸುಮ್ಮನೆ ಬಿಡದೆ ರಿಯೊದಿಂದ ಬಾಹಿಯಾಕ್ಕೆ ಹಿಂದಿರುಗಿ ಮತ್ತೆ ಅಳೆದ. ತನ್ನ ಲೆಕ್ಕವೇ ಸರಿಯೆಂದು ಖಚಿತವಾದ ಮೇಲಷ್ಟೇ ಮುಂದೆ ಹೋದ. ಇಡೀ ಭೂಮಿ ಸುತ್ತಿ ಬಂದಾಗ ಸರಪಳಿಯ ಎಲ್ಲ ಅಂತರಗಳ ಮೊತ್ತ 24 ಗಂಟೆಗಿಂತ ಸುಮಾರು 33 ಸೆಕೆಂಡು ಹೆಚ್ಚು ಬಂತು. ಅವನು ಆ 33 ಸೆಕೆಂಡನ್ನು ಅಲ್ಲಲ್ಲಿ ಹಂಚಿ ಮರೆಮಾಡದೆ ಹಾಗೆಯೇ ಪ್ರಕಟಿಸಿದ. ನಮ್ಮ ದೃಷ್ಟಿಯಲ್ಲಿ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಗಾಳಿಯ ಬಲವನ್ನು 0ಯಿಂದ 12ರವರೆಗೆ ಗುರುತಿಸುವ ಬೋಫರ್ಟ್ ಮಾಪನ ಅಧಿಕೃತವಾಗಿ ಮೊದಲು ಬಳಕೆಯಾದದ್ದೂ ಇದೇ ಯಾನದ ದಿನಚರಿಯಲ್ಲಿ.

ಈ ಕೆಲಸಕ್ಕೆ ಅವನು ತೆತ್ತದ್ದು ಕಡಿಮೆಯಲ್ಲ. ಒಂದೇ ಹಡಗಿನಿಂದ ಕೆಲಸ ಮುಗಿಯದೆಂದು 1833ರಲ್ಲಿ ಫಾಕ್‌ಲೆಂಡ್ ದ್ವೀಪಗಳಲ್ಲಿ ಸುಮಾರು 1,300 ಪೌಂಡ್ ಕೊಟ್ಟು ಸ್ಕೂನರ್ ಎಂಬ ಬಗೆಯ ಒಂದು ಹಾಯಿಹಡಗು ಕೊಂಡ, ಅದೂ ಸ್ವಂತ ಹಣದಿಂದ. ನೌಕಾ ಇಲಾಖೆ ಒಪ್ಪಲಿಲ್ಲ, 1834ರಲ್ಲಿ ಮಾರಬೇಕಾಯಿತು. ಆ ನೋವಿಗೆ ಹುದ್ದೆಯನ್ನೇ ಬಿಡಲು ಹೊರಟಿದ್ದವನನ್ನು ಸಹೋದ್ಯೋಗಿ ವಿಕಮ್ ಹೇಗೋ ತಡೆದ. ಊರಿಗೆ ಮರಳಿದ ಮೇಲೆ, 1837ರಲ್ಲಿ, ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು.

ನಡುವಿನ ವರ್ಷಗಳನ್ನು ಚಿಕ್ಕದಾಗಿ ಹೇಳಿದರೆ ಸಾಕು. 1841ರಲ್ಲಿ ಡರ್ಹಮ್‌ನಿಂದ ಸಂಸತ್ತಿಗೆ ಆಯ್ಕೆಯಾದ. ವ್ಯಾಪಾರಿ ಹಡಗುಗಳ ನಾಯಕರಿಗೆ ಪರೀಕ್ಷೆ ಮತ್ತು ಪ್ರಮಾಣಪತ್ರ ಬೇಕೆಂದು ಮಸೂದೆ ತಂದ. 1843ರ ಕೊನೆಗೆ ನ್ಯೂಜಿಲೆಂಡಿನ ಗವರ್ನರ್ ಆಗಿ ಇಳಿದಾಗ ಖಜಾನೆ ಖಾಲಿ, ಸೈನ್ಯ ಹೆಸರಿಗಷ್ಟೇ. ವೈರೌ ಎಂಬಲ್ಲಿ ಮೂಲನಿವಾಸಿ ಮಾವೊರಿಗಳು ಮತ್ತು ವಲಸಿಗರ ನಡುವೆ ನಡೆದಿದ್ದ ರಕ್ತಪಾತವನ್ನು ವಿಚಾರಿಸಿ, ಮೊದಲ ತಪ್ಪು ವಲಸಿಗರದೇ ಎಂದು ತೀರ್ಪು ಕೊಟ್ಟ. ಅದು ನ್ಯಾಯದ ಮಾತು, ಆದರೆ ವಲಸಿಗರು ಅವನನ್ನು ಕ್ಷಮಿಸಲಿಲ್ಲ. ಹಣಕಾಸಿನಲ್ಲಿ ಮಾತ್ರ ಅವನು ನಿಜಕ್ಕೂ ಎಡವಿದ: ಮೇಲಿನವರ ಅಪ್ಪಣೆ ಮೀರಿ ಸಾಲಪತ್ರಗಳನ್ನೇ ನೋಟಿನಂತೆ ಚಲಾವಣೆಗೆ ಬಿಟ್ಟ. 1845ರಲ್ಲಿ ಉತ್ತರದಲ್ಲಿ ಯುದ್ಧ ಎದ್ದಿತು, ಅದೇ ವರ್ಷ ಅವನನ್ನು ವಾಪಸು ಕರೆಸಿಕೊಂಡರು. ಆಮೇಲೆ ‘ಆರೋಗಂಟ್’ ಎಂಬ ಹೊಸ ಉಗಿ ಯುದ್ಧನೌಕೆಯ ನಾಯಕತ್ವ. 1850ರಲ್ಲಿ ಆರೋಗ್ಯ ಕೆಟ್ಟು ಸಕ್ರಿಯ ಸೇವೆಗೆ ವಿದಾಯ.

1854ರಲ್ಲಿ ಬ್ರಿಟನ್ನಿನ ವ್ಯಾಪಾರ ಮಂಡಳಿ ಹವಾಮಾನ ವಿಭಾಗವೊಂದನ್ನು ತೆರೆದು ಅವನನ್ನು ಮುಖ್ಯಸ್ಥನನ್ನಾಗಿ ಮಾಡಿತು. ಕೈಕೆಳಗೆ ಬೆರಳೆಣಿಕೆಯ ಗುಮಾಸ್ತರು. ಒಪ್ಪಿಸಿದ ಕೆಲಸ ಹಡಗುಗಳಿಗೆ ಉಪಕರಣ ಕೊಟ್ಟು ಗಾಳಿಯ ಅಂಕಿಅಂಶ ಕೂಡಿಸುವುದು ಮಾತ್ರ. ನಾಳೆ ಏನಾದೀತೆಂದು ಹೇಳಲು ಅವನಿಗೆ ಯಾರೂ ಹೇಳಿರಲಿಲ್ಲ. 1859ರ ಅಕ್ಟೋಬರ್ 26ರ ಬೆಳಗಿನ ಜಾವ, ಮೆಲ್ಬರ್ನ್‌ನಿಂದ ಚಿನ್ನ ಹೊತ್ತು ಬರುತ್ತಿದ್ದ ‘ರಾಯಲ್ ಚಾರ್ಟರ್’ ಹಡಗು ವೇಲ್ಸಿನ ಆಂಗ್ಲಸಿ ದ್ವೀಪದ ಬಂಡೆಗೆ ಬಡಿದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಬಿರುಗಾಳಿಯಲ್ಲಿ ಸುತ್ತಲಿನ ಕಡಲಲ್ಲಿ ನೂರಕ್ಕೂ ಹೆಚ್ಚು ಹಡಗುಗಳು ಒಡೆದವು. ಫಿಟ್ಜ್‌ರಾಯ್ ದೀಪಸ್ತಂಭಗಳ ಮತ್ತು ಹಡಗುಗಳ ದಾಖಲೆ ತರಿಸಿ, ಒಂದೇ ಹೊತ್ತಿನ ಅಳತೆಗಳನ್ನು ಒಂದೇ ನಕ್ಷೆಯ ಮೇಲೆ ಗುರುತಿಸುತ್ತ ಹೋದ. ಬಿರುಗಾಳಿ ಒಂದು ಸುಳಿಯಂತೆ ನೆಲದ ಮೇಲೆ ಹಾದುಹೋದ ದಾರಿ ಕಣ್ಣಿಗೆ ಕಂಡಿತು. ಟೆಲಿಗ್ರಾಫಿನ ಸುದ್ದಿ ಬಿರುಗಾಳಿಗಿಂತ ಬೇಗ ಹೋಗುತ್ತದೆ. ಹಾಗಿದ್ದರೆ ಮುಂದಿನ ಬಂದರಿಗೆ ಮೊದಲೇ ಹೇಳಬಹುದಲ್ಲ!

1860ರಲ್ಲಿ ವ್ಯವಸ್ಥೆ ಶುರುವಾಯಿತು. ಹದಿನೈದರ ಒಳಗಿನ ಕೇಂದ್ರಗಳಿಂದ ಬೆಳಗಿನ ಅಳತೆ ಟೆಲಿಗ್ರಾಫಿನಲ್ಲಿ ಲಂಡನ್ನಿಗೆ ಬರುತ್ತಿತ್ತು: ವಾಯುಭಾರ, ಉಷ್ಣತೆ, ಗಾಳಿಯ ದಿಕ್ಕು ಮತ್ತು ಬಲ, ಮೋಡ, ಮಳೆ, ಕಡಲ ಸ್ಥಿತಿ. ಬಂದದ್ದನ್ನು ಹಾಗೇ ಹೋಲಿಸಿದರೆ ಮೋಸಹೋಗುತ್ತೇವೆ. ಬ್ಯಾರೋಮೀಟರ್ ಇರುವ ಜಾಗ ಕಡಲಮಟ್ಟಕ್ಕಿಂತ 90 ಅಡಿ ಮೇಲಿದ್ದರೆ ಪಾದರಸ ಸುಮಾರು ಒಂದು ಇಂಚಿನ ಹತ್ತನೇ ಒಂದು ಭಾಗ ಕಡಿಮೆ ತೋರಿಸುತ್ತದೆ. ಸೆಕೆಗೆ ಪಾದರಸ ಹಿಗ್ಗುವುದು ಬೇರೆ. ಉಪಕರಣದ ದೋಷ, ಎತ್ತರ, ಉಷ್ಣತೆ ಮೂರನ್ನೂ ಸರಿಪಡಿಸಿದ ಮೇಲೆಯೇ ಹೋಲಿಕೆ. ಇಷ್ಟನ್ನೂ ಮುಗಿಸಿ ಹನ್ನೊಂದರ ಹೊತ್ತಿಗೆ ಪತ್ರಿಕೆಗಳಿಗೆ ವರದಿ ಹೋಗುತ್ತಿತ್ತು. 1861ರ ಫೆಬ್ರವರಿಯಲ್ಲಿ ಮೊದಲ ಬಿರುಗಾಳಿ ಎಚ್ಚರಿಕೆ ಹೊರಟಿತು. ಆಗಸ್ಟ್ 1ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಸಾರ್ವಜನಿಕರಿಗೆಂದು ಮೊದಲ ಮುನ್ಸೂಚನೆ ಬಂತು. ಉತ್ತರ, ಪಶ್ಚಿಮ, ದಕ್ಷಿಣ ಮೂರೂ ಕಡೆ ಹವೆ ಚೆನ್ನಾಗಿರುತ್ತದೆಂದು ಅದರಲ್ಲಿತ್ತು.

ಬಂದರಿನ ಸಂಕೇತಗಳು ಹೀಗಿದ್ದವು. ಮರದ ಬಳೆಗಳಿಗೆ ಹಾಯಿಬಟ್ಟೆ ಹೊದಿಸಿ ಕಪ್ಪು ಬಣ್ಣ ಬಳಿದ, ಸುಮಾರು 3 ಅಡಿ ಅಳತೆಯ ಒಂದು ಶಂಕು, ಒಂದು ಡೋಲು. ಶಂಕುವಿನ ಮೊನೆ ಮೇಲಿದ್ದರೆ ಉತ್ತರದ ಕಡೆಯಿಂದ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದ ಕಡೆಯಿಂದ. ಡೋಲು ಒಂದೇ ಇದ್ದರೆ ಹಲವು ದಿಕ್ಕುಗಳಿಂದ ಒಂದಾದ ಮೇಲೊಂದು. ಶಂಕು, ಡೋಲು ಎರಡೂ ಇದ್ದರೆ ಭಾರಿ ಗಾಳಿ. ರಾತ್ರಿ ಹೊತ್ತು ಶಂಕುವಿಗೆ ತ್ರಿಕೋನದಲ್ಲಿ ಮೂರು ಲಾಂದ್ರ, ಡೋಲಿಗೆ ಚೌಕದಲ್ಲಿ ನಾಲ್ಕು. ಬಾವುಟ ಏಕೆ ಬೇಡವಾಯಿತೆಂದು ಮಕ್ಕಳನ್ನೇ ಕೇಳಿ ನೋಡಿ. ಗಾಳಿಯಿಲ್ಲದಾಗ ಬಾವುಟ ಜೋತುಬೀಳುತ್ತದೆ, ಬೆಳಕು ಎದುರಿಗಿದ್ದರೆ ಬಣ್ಣ ಕಾಣುವುದಿಲ್ಲ, ಪಕ್ಕದಿಂದ ನೋಡಿದರೆ ಬರೀ ಗೆರೆ. ಶಂಕು ಯಾವ ಕಡೆಯಿಂದ ನೋಡಿದರೂ ತ್ರಿಕೋನವೇ, ಡೋಲು ಯಾವ ಕಡೆಯಿಂದ ನೋಡಿದರೂ ಚೌಕವೇ.

ಈ ವ್ಯವಸ್ಥೆ ಎಲ್ಲಿ ಕೈಕೊಡುತ್ತಿತ್ತು ಎಂಬುದನ್ನೂ ಬರೆಯಿರಿ. ಬ್ರಿಟನ್ನಿನ ಹವೆ ಬರುವುದು ಪಶ್ಚಿಮದ ಅಟ್ಲಾಂಟಿಕ್‌ನಿಂದ. ಅತ್ತ ಐರ್ಲೆಂಡಿನ ಅಂಚಿನ ಆಚೆ ಒಂದೂ ಕೇಂದ್ರವಿರಲಿಲ್ಲ. ಅಲ್ಲಿ ಪಾದರಸ ಇಳಿದದ್ದು ಗೊತ್ತಾಗುವಷ್ಟರಲ್ಲಿ ಬಿರುಗಾಳಿ ಒಂದು ದಿನಕ್ಕಿಂತ ಕಡಿಮೆ ದೂರದಲ್ಲಿರುತ್ತಿತ್ತು. ದಿನಕ್ಕೆ ಒಂದೇ ಸಲದ ಅಳತೆಯಿಂದ ಅದರ ವೇಗ ಹಿಡಿಯುವುದು ಕಷ್ಟ. ದಿನನಿತ್ಯದ ಮುನ್ಸೂಚನೆಗಳು ಎಷ್ಟೋ ಸಲ ತಪ್ಪಿದವು, ಪತ್ರಿಕೆಗಳು ಗೇಲಿ ಮಾಡಿದವು. ಆದರೆ ಬಿರುಗಾಳಿ ಎಚ್ಚರಿಕೆಗಳ ಕತೆಯೇ ಬೇರೆ; ಗಾಳಿಯ ಬಲದ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ನಿಜವಾದವು. ‘ಫಿಟ್ಜ್‌ರಾಯ್‌ನ ಮುನ್ಸೂಚನೆ ವಿಫಲವಾಯಿತು’ ಎಂದು ಒಂದೇ ಸಾಲಿನಲ್ಲಿ ಬರೆಯುವವರು ಈ ಎರಡನ್ನೂ ಬೆರೆಸಿಬಿಡುತ್ತಾರೆ.

ಇನ್ನೆರಡು ತಿದ್ದುಪಡಿ. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನಲ್ಲಿ ವಿಕಾಸವಾದದ ಮೇಲೆ ನಡೆದ ಹೆಸರಾಂತ ಚರ್ಚೆಯಲ್ಲಿ ಅವನು ಬೈಬಲ್ ಹಿಡಿದು ಡಾರ್ವಿನ್‌ನ ವಿರುದ್ಧ ಮಾತಾಡಿದ್ದು ನಿಜ. ಅವನು ಆ ಊರಿಗೆ ಹೋಗಿದ್ದು ಮಾತ್ರ ಅದಕ್ಕಲ್ಲ. ಹಿಂದಿನ ದಿನ ಅದೇ ಸಮ್ಮೇಳನದಲ್ಲಿ ಬ್ರಿಟನ್ನಿನ ಬಿರುಗಾಳಿಗಳ ಮೇಲೆ ಪ್ರಬಂಧ ಓದಿದ್ದ. ಒಂದನ್ನು ಬರೆದರೆ ಇನ್ನೊಂದನ್ನೂ ಬರೆಯಿರಿ. ಎರಡನೆಯದು, 1865ರ ಏಪ್ರಿಲ್ 30ರ ಅವನ ಆತ್ಮಹತ್ಯೆ. ಡಾರ್ವಿನ್‌ಗೆ ನೆರವಾದೆನಲ್ಲ ಎಂಬ ಪಶ್ಚಾತ್ತಾಪವೇ ಕಾರಣವೆಂದು ಬರೆಯುವುದು ಓದಲು ಚೆನ್ನಾಗಿರಬಹುದು, ಆದರೆ ಅದಕ್ಕೆ ಆಧಾರವಿಲ್ಲ. ಮಿತಿಮೀರಿದ ದುಡಿತ, ಕುಗ್ಗುತ್ತಿದ್ದ ಕಿವಿ, ಸಾರ್ವಜನಿಕ ಕೆಲಸಕ್ಕೇ ಕರಗಿದ ಆಸ್ತಿ, ಟೀಕೆ, ಬಹುಕಾಲದ ಖಿನ್ನತೆ ಎಲ್ಲವೂ ಆ ದಿನಗಳಲ್ಲಿ ಒಟ್ಟಿಗಿದ್ದವು. ಅವನ ಸೋದರಮಾವ, ಮಂತ್ರಿಯಾಗಿದ್ದ ಕ್ಯಾಸಲ್‌ರೇ ಕೂಡ 1822ರಲ್ಲಿ ಹಾಗೆಯೇ ಸತ್ತಿದ್ದ. ಒಂದೇ ಕಾರಣ ಹಚ್ಚಬೇಡಿ. ಕುಟುಂಬಕ್ಕಾಗಿ ಎತ್ತಿದ ನಿಧಿಗೆ ಡಾರ್ವಿನ್ 100 ಪೌಂಡ್ ಕೊಟ್ಟ.

ಅವನು ಸತ್ತ ಮೇಲೆ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದ್ದ ಸಮಿತಿಯೊಂದು, ಮುನ್ಸೂಚನೆಗೆ ಶಾಸ್ತ್ರೀಯ ತಳಹದಿ ಇಲ್ಲವೆಂದು ವರದಿ ಕೊಟ್ಟಿತು. 1866ರ ಕೊನೆಗೆ ಬಿರುಗಾಳಿ ಎಚ್ಚರಿಕೆಯೂ ನಿಂತಿತು. ಬಂದರಿನವರು, ಕಡಲಿಗಿಳಿಯುವವರು ಸುಮ್ಮನಿರಲಿಲ್ಲ. ವಿಜ್ಞಾನಿಗಳು ಬೇಡವೆಂದದ್ದನ್ನು ಅವರು ಬೇಕೆಂದು ಪಟ್ಟುಹಿಡಿದರು, 1867ರಲ್ಲಿ ಎಚ್ಚರಿಕೆ ಮತ್ತೆ ಶುರುವಾಯಿತು. ಸಾರ್ವಜನಿಕ ಮುನ್ಸೂಚನೆ ಮರಳಲು 1879 ಬರಬೇಕಾಯಿತು. 2002ರಲ್ಲಿ ಬ್ರಿಟನ್ನಿನ ಹಡಗು ಮುನ್ಸೂಚನೆಯ ‘ಫಿನಿಸ್ಟರ್’ ಎಂಬ ಕಡಲ ವಲಯಕ್ಕೆ ಫಿಟ್ಜ್‌ರಾಯ್‌ನ ಹೆಸರಿಟ್ಟರು.

ನಮ್ಮ ನಾಡಿಗೂ ಇದಕ್ಕೂ ಏನು ನಂಟು ಎಂದು ಕೇಳಬಹುದು. 1864ರ ಅಕ್ಟೋಬರ್‌ನ ಭೀಕರ ಚಂಡಮಾರುತದ ನಂತರ, ಫಿಟ್ಜ್‌ರಾಯ್ ತೀರಿಹೋದ 1865ರಲ್ಲೇ, ಕಲ್ಕತ್ತಾ ಬಂದರಿಗೆ ಬಿರುಗಾಳಿ ಎಚ್ಚರಿಕೆಯ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಮಂಗಳೂರು, ಕಾರವಾರದ ಬಂದರುಗಳಲ್ಲಿ ‘ಮೂರನೇ ನಂಬರಿನ ಸಂಕೇತ’ ಏರಿಸಲಾಗಿದೆ ಎಂದು ಮಳೆಗಾಲದ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಆ ಸಾಲಿನಲ್ಲಿ ಒಟ್ಟು 11 ಸಂಕೇತಗಳಿವೆ. 1 ಮತ್ತು 2 ದೂರದ ಕಡಲಿನ ವಿಷಯ, 3 ಮತ್ತು 4 ಬಂದರಿಗೇ ಸಂಬಂಧಿಸಿದ ಎಚ್ಚರಿಕೆ, 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. 11 ಎಂದರೆ ಎಚ್ಚರಿಕೆ ಕೇಂದ್ರದೊಡನೆ ಸಂಪರ್ಕವೇ ಕಡಿದಿದೆ ಎಂದರ್ಥ. ಹಗಲಿನ ಸಂಕೇತಗಳ ಆಕಾರ ಇಂದಿಗೂ ಶಂಕು ಮತ್ತು ಡೋಲು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹವಾಮಾನದ ಅಧ್ಯಾಯದಲ್ಲಿ ಅವನಿಗೆ ಎರಡು ಪುಟ ಕೊಡಿ. ಅದರ ಜೊತೆ ಒಂದು ಚಟುವಟಿಕೆ ಇರಲಿ: ರಾಜ್ಯದ ಹತ್ತು ಊರುಗಳ ಒಂದೇ ಬೆಳಗಿನ ವಾಯುಭಾರವನ್ನು ಮಕ್ಕಳು ಖಾಲಿ ನಕ್ಷೆಯ ಮೇಲೆ ಬರೆಯಲಿ. ಮಡಿಕೇರಿ, ಬೆಂಗಳೂರಿನಂಥ ಎತ್ತರದ ಊರಿನ ಅಂಕಿಯನ್ನು ಕಡಲಮಟ್ಟಕ್ಕೆ ಇಳಿಸದೆ ಹೋಲಿಸಿದರೆ ನಕ್ಷೆ ಹೇಗೆ ಸುಳ್ಳು ಹೇಳುತ್ತದೆಂದು ಅವರಿಗೇ ಕಾಣುತ್ತದೆ. ಜಾಲತಾಣಗಳಲ್ಲಿ ಸಿಗುವ ಅಂಕಿ ಹೆಚ್ಚಾಗಿ ಮೊದಲೇ ಇಳಿಸಿದ್ದಾಗಿರುತ್ತದೆ. ಯಾವುದನ್ನು ಬಳಸುತ್ತಿದ್ದೀರೆಂದು ಶಿಕ್ಷಕರ ಕೈಪಿಡಿಯಲ್ಲಿ ತಪ್ಪದೆ ನಮೂದಿಸಿ. ಕರಾವಳಿಯ ಶಾಲೆಗಳವರು ಹತ್ತಿರದ ಬಂದರಿನ ಸಂಕೇತದ ಕಂಬವನ್ನು ಮಕ್ಕಳಿಗೆ ತೋರಿಸಿ, ಅವತ್ತು ಏನು ಏರಿಸಿದ್ದಾರೆಂದು ಓದಿಸಲಿ. ಪಾಠದ ಕರಡು ಸಿದ್ಧವಾದರೆ ಇಸವಿ, ಅಳತೆ, ಹೆಸರುಗಳನ್ನು ನೋಡಿ ತಿದ್ದಿಕೊಡಲು ನಾವು ತಯಾರಿದ್ದೇವೆ. ಅದಕ್ಕೆ ಸಂಭಾವನೆ ಬೇಡ.

ಇತಿ,
ನೌಕಾಯಾನ ಮತ್ತು ಹವಾಮಾನದ ಚರಿತ್ರೆ ಓದುವ ಕನ್ನಡಿಗರು